ಕಿಟಕಿ ಪಕ್ಕದ ಕೆಂಪು ಸಾಕೆಟ್

ಪ್ರೀತಿಯ ಅತ್ತೆಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ನರ್ಸಿಂಗ್ ಹೋಮಿನ ಹೊಸ ವಾರ್ಡಿನ ಕರೆಂಟ್ ಪರೀಕ್ಷೆ ಮುಗಿಯಿತು, ನಿಮ್ಮ ಸೊಸೆಯ ವೈರಿಂಗ್ ಪಾಸಾಯಿತು! ಫೋನಿನಲ್ಲಿ ಎಷ್ಟು ಕಿರುಚಿದರೂ ನಿಮಗೆ ಕೇಳಿಸದು, ಅದಕ್ಕೇ ಈ ಕಾಗದ.

ನಾದಿನಿಯ ಮನೆಯಲ್ಲಿ ಆವತ್ತು ಕರೆಂಟ್ ಹೋಗಿ ನಿಮ್ಮ ಆಕ್ಸಿಜನ್ ಮಷಿನ್ ನಿಂತಾಗ, ಸಿಲಿಂಡರ್ ತರುವಷ್ಟರಲ್ಲಿ ನಿಮ್ಮ ತುಟಿ ನೀಲಿಯಾಗಿತ್ತಂತೆ. ನರ್ಸಿಂಗ್ ಹೋಮಿಗೆ ಸೇರಿಸಿ ಎಂದು ಡಾಕ್ಟರು ಹೇಳಿದರೆ ನೀವು, "ಯಾರೋ ಎಳೆದಿರೋ ವೈರ್ ನಂಬ್ಕೊಂಡು ನಾನು ಉಸಿರಾಡಲ್ಲ" ಎಂದು ಪಟ್ಟು ಹಿಡಿದಿರಿ. ಯಾರೋ ಅಲ್ಲ ಅತ್ತೆ, ನಾನೇ! ಮದುವೆಯಾದ ಹೊಸದರಲ್ಲಿ "ಏಣಿ ಹತ್ತೋ ಸೊಸೇನ ನಾನೆಲ್ಲೂ ನೋಡಿಲ್ಲಮ್ಮ" ಎಂದು ಮೂಗು ಮುರಿದಿರಲ್ಲ, ಅದೇ ಸೊಸೆ.

ಇಲ್ಲಿ ಮನೆಯ ವೈರಿಂಗಿನಂತಲ್ಲ. ರೋಗಿ ಮಲಗುವ ಕಡೆ ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಪ್ರತಿ ಮಂಚಕ್ಕೂ ಎರಡು ಸಾಕೆಟ್, ಎರಡು ಕಡೆಯಿಂದ ಕರೆಂಟ್. ಹೊರಗಿನದು ಹೋದರೆ ಕೆಂಪು ಸಾಕೆಟ್ಟಿಗೆ ಜನರೇಟರಿನದು ಬರಬೇಕು. ಮಷಿನ್ನಿನಿಂದ ಕರೆಂಟ್ ಸೋರಿದರೆ ನಿಮ್ಮ ಮೈ ಮುಟ್ಟದೆ ನೆಲಕ್ಕಿಳಿಯಲೆಂದು ಹಸಿರು ಅರ್ತ್ ವೈರು. ಅದೂ ಕೈಕೊಟ್ಟರೆ ವೈರು ಹಾದುಹೋಗುವ ಕಬ್ಬಿಣದ ಪೈಪೇ ಆ ಕೆಲಸ ಮಾಡುತ್ತದೆ. ಆ ಪೈಪಿನ ಒಂದೊಂದು ಜಾಯಿಂಟನ್ನೂ ನಾನೇ ಬಿಗಿದಿದ್ದೇನೆ, ಅಂಗೈಗೆ ಬೊಬ್ಬೆ ಬಂದಿದೆ.

ಆದರೂ ಮೊದಲ ಪರೀಕ್ಷೆಯಲ್ಲಿ ಎಡವಟ್ಟಾಯಿತು. ಮೇನ್ ಆಫ್ ಮಾಡಿದೆವು, ಜನರೇಟರ್ ಗುಡುಗುಡು ಎಂದಿತು, ಎಲ್ಲ ಮಂಚದ ಕೆಂಪು ಸಾಕೆಟ್ಟಿಗೂ ಕರೆಂಟ್ ಬಂತು. ಒಂದಕ್ಕೆ ಮಾತ್ರ ಇಲ್ಲ, ಅದೂ ನಿಮಗೆಂದು ನಾನು ಹಿಡಿದಿಟ್ಟಿದ್ದ ಕಿಟಕಿ ಪಕ್ಕದ್ದಕ್ಕೆ! ಬಿಚ್ಚಿ ನೋಡಿದರೆ, ಜನರೇಟರಿನ ವೈರು ಬಿಳಿ ಪ್ಲೇಟಿನ ಹಿಂದೆ ಕೂತಿದೆ. ಕೆಂಪು ಸಾಕೆಟ್ ಅಂದೆನಲ್ಲ, ಆಗ ಸಾಕೆಟ್ಟುಗಳೆಲ್ಲ ಬಿಳಿಯೇ, ಜನರೇಟರಿನದರ ಗುರುತಿಗೆ ಸುತ್ತಲಿನ ಪ್ಲೇಟು ಮಾತ್ರ ಕೆಂಪು. ಗೋಡೆಗೆ ಬಣ್ಣ ಹೊಡೆಯುವಾಗ ಪೇಂಟರ್ ಪ್ಲೇಟು ಕಳಚಿ, ಹಾಕುವಾಗ ಅದಲುಬದಲು ಮಾಡಿದ್ದ. ಕೇಳಿದರೆ, "ಕಿಟಕಿ ಕಡೆ ಕೆಂಪು ಇದ್ರೆ ಲಕ್ಷಣವಾಗಿರುತ್ತೆ ಅಂತ ಹಾಕ್ದೆ ಅಕ್ಕಾ" ಎಂದ! ನಗಬೇಕೋ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ. ಮ್ಯಾನೇಜರ್ ಜೊತೆ ಜಗಳವಾಡಿ, ಪ್ಲೇಟಲ್ಲ, ಸಾಕೆಟ್ಟೇ ಕೆಂಪಿರುವುದನ್ನು ತರಿಸಿ ಹಾಕಿದೆ.

ಇವತ್ತು ನಿಮ್ಮದರಂಥದೇ ಮಷಿನ್ನನ್ನು ಅದಕ್ಕೆ ಚುಚ್ಚಿ, ನಳಿಗೆಯನ್ನು ನನ್ನ ಮೂಗಿಗೇ ಇಟ್ಟುಕೊಂಡು ಆ ಮಂಚದ ಮೇಲೆ ಮಲಗಿ "ಆಫ್ ಮಾಡ್ರಪ್ಪಾ!" ಎಂದು ಕೂಗಿದೆ. ಮಷಿನ್ ನಿಂತಿತು. ನನಗೇನೂ ಗಾಳಿಗೆ ಬರವಿರಲಿಲ್ಲ, ಆದರೂ ಉಸಿರು ಬಿಗಿಹಿಡಿದುಬಿಟ್ಟೆ. ನಿಮ್ಮದೇ ಮುಖ ಕಣ್ಣ ಮುಂದೆ. ಅಷ್ಟರಲ್ಲಿ ಮಷಿನ್ ಗುರ್ರೆಂದಿತು, ಮೂಗಿಗೆ ತಣ್ಣಗೆ ಗಾಳಿ ಬಂತು. ಅಯ್ಯೋ ಅತ್ತೆ, ಅತ್ತುಬಿಟ್ಟೆ! ನರ್ಸಮ್ಮ ಓಡಿಬಂದು ಸಮಾಧಾನ ಮಾಡುತ್ತಾರೆಂದುಕೊಂಡರೆ, "ಬೂಟ್ ಹಾಕ್ಕೊಂಡೇ ಮಂಚ ಹತ್ತಿದ್ದೀಯಲ್ಲೇ!" ಎಂದು ಬೈದರು. ಥೇಟ್ ನಿಮ್ಮ ಹಾಗೇ.

ಬನ್ನಿ ಅತ್ತೆ. ವಾರ್ಡಿಗೆ ಇನ್ನೂ ಯಾರೂ ಬಂದಿಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇಡ, ನಾನು ಮತ್ತೆ ಆ ಮಂಚದ ಮೇಲೆ ಮಲಗುತ್ತೇನೆ. ಮೇನ್ ಸ್ವಿಚ್ಚನ್ನು ನೀವೇ ಆಫ್ ಮಾಡಿ.

ನಿಮ್ಮ ಉಸಿರು ಸಲೀಸಾಗಿರಲಿ, ನನ್ನನ್ನು ಬೈಯುವಷ್ಟು ಬಲ ಅದರಲ್ಲಿ ಸದಾ ಇರಲಿ.

ನಿಮ್ಮ ಏಣಿ ಹತ್ತುವ ಸೊಸೆ