ಗೆರೆ ಬೀಳದ ಕೊಲೆಗಾರ

ಪ್ರೀತಿಯ ಅಕ್ಕಾ,

ನೀನು ಓದಿ ಲೈಬ್ರರಿಗೆ ಹಿಂದಿರುಗಿಸಿದ ಮೂರು ಹೊಸ ಪತ್ತೇದಾರಿ ಕಾದಂಬರಿಗಳನ್ನೂ ಮುಗಿಸಿದೆ. ಮೊದಲನೆಯದರಲ್ಲಿ ಅಡುಗೆಯವಳ ಮೇಲೆ ಅನುಮಾನ ಹುಟ್ಟಿಸಿ, ಕೊನೆಗೆ ಎಲ್ಲೂ ಕಾಣದ ಅಳಿಯನನ್ನು ತಂದು ನಿಲ್ಲಿಸಿದ್ದಾರೆ. ಇದು ಓದುಗರಿಗೆ ಟೋಪಿ ಹಾಕುವ ಕೆಲಸ. ಎರಡನೆಯದರಲ್ಲಿ ಪೊಲೀಸರು ಚಹಾ ಕುಡಿಯುವುದೇ ಅರ್ಧ ಪುಸ್ತಕ. ಮೂರನೆಯದು ಮಾತ್ರ ಒಲೆಯ ಮೇಲಿನ ಹಾಲನ್ನೂ ಮರೆಸಿತು. ಕಂಪೌಂಡರನೇ ಕೊಲೆಗಾರ ಎಂದು ಕೊನೆಯವರೆಗೂ ಹೊಳೆಯಲಿಲ್ಲ.

ಹೊಳೆಯದೆ ಇದ್ದದ್ದಕ್ಕೇ ನನಗೆ ಅನುಮಾನ ಬಂತು. ಕೊನೆಯ ಪುಟ ಮೊದಲು ಓದಿ, ಕೊಲೆಗಾರನ ಹೆಸರು ಬಂದಲ್ಲೆಲ್ಲ ಪೆನ್ಸಿಲ್ ಗೆರೆ ಎಳೆದು ನನ್ನ ಓದು ಕೆಡಿಸುವವಳು ನೀನು. ಈ ಮೂರರಲ್ಲೂ ಒಂದು ಗೆರೆಯೂ ಇಲ್ಲ. ಲೈಬ್ರರಿಯವರನ್ನು ಕೇಳಿದೆ. "ನಿಮ್ಮಕ್ಕ ಈಗೀಗ ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡು ನೋಡ್ತಾರಮ್ಮ" ಅಂದರು.

ಕಣ್ಣಿನ ವಿಷಯ ಭಾವನಿಗೂ ಹೇಳಿಲ್ಲ ತಾನೆ? ಆಪರೇಷನ್ ಎಂದರೆ ನಿನಗೆ ಭಯ, ಗೊತ್ತು. ಶನಿವಾರ ನಾನೇ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನೀನೇ ಓದಿಕೊಳ್ಳಲಿ ಎಂದು ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಅಲ್ಲಿ ಕಾಯುವಾಗ ಹೊಸ ಕಾದಂಬರಿ ಓದಿ ಹೇಳುತ್ತೇನೆ, ಕೊನೆಯ ಪುಟವನ್ನೇ ಮೊದಲು. ಪೆನ್ಸಿಲ್ ಮರೆಯಬೇಡ.

ನಿನ್ನ ತಂಗಿ