ಆರ್ನೆಟ್ಟಾಳ ಟೋಪಿ ಮತ್ತು ನಮ್ಮ ಹೆರಿಗೆ ವಾರ್ಡು

ನಗರದ ಆರೋಗ್ಯವನ್ನು ಕಾಯಲು ನೇಮಕಗೊಂಡಿರುವ ಮಾನ್ಯರೇ,

ನಮ್ಮ ಬಡಾವಣೆಯ ಹೆರಿಗೆ ವಾರ್ಡನ್ನು ಬರುವ ತಿಂಗಳು ಮುಚ್ಚುತ್ತೀರಂತೆ. ನನ್ನ ಮೊಮ್ಮಗಳು ಜನೆಲ್ ಈಗ ಎಂಟು ತಿಂಗಳ ಗರ್ಭಿಣಿ. ರಕ್ತದೊತ್ತಡ ಏರಿದೆ, ಕಾಲು ಊದಿದೆ. ನದಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ‘ಉನ್ನತ ಮಟ್ಟದ ಆರೈಕೆ’ ಕಾದಿದೆ ಎನ್ನುತ್ತದೆ ನಿಮ್ಮ ಪ್ರಕಟಣೆ. ಆ ಆರೈಕೆಯ ಪರಿಚಯ ನನಗಿದೆ. ನನ್ನ ಹೆಂಡತಿ ಆರ್ನೆಟ್ಟಾ ಅದಕ್ಕಾಗಿ ಕಾಯುತ್ತಲೇ ತೀರಿಕೊಂಡಳು.

ನಾವು ಕಪ್ಪು ಜನ ಆಸ್ಪತ್ರೆಗೆ ಹೊರಟರೆ ಭಾನುವಾರ ಚರ್ಚಿಗೆಂದು ಎತ್ತಿಟ್ಟ ಒಳ್ಳೆಯ ಬಟ್ಟೆ ತೊಡುತ್ತೇವೆ. ಮಿಸಿಸಿಪ್ಪಿಯಿಂದ ಬಂದ ನನ್ನಮ್ಮ ಕಲಿಸಿದ್ದು ಅದು. ಮಾಸಿದ ಬಟ್ಟೆಯಲ್ಲಿ ಹೋದರೆ, ಅಮಲಿನ ಮಾತ್ರೆಗಾಗಿ ನೋವಿನ ನಾಟಕ ಆಡುತ್ತಿದ್ದಾರೆ ಎನ್ನುತ್ತಾರೆ. ಆ ಸಂಜೆ ಆರ್ನೆಟ್ಟಾಳ ಎದೆ ಹಿಂಡುತ್ತಿತ್ತು. ನಾನು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ, ಅವಳು ಕನ್ನಡಿಯ ಮುಂದೆ. ಈಸ್ಟರ್ ಹಬ್ಬಕ್ಕೆ ಚರ್ಚಿಗೆ ತೊಡುವ ನೇರಳೆ ಬಣ್ಣದ ಟೋಪಿ ಸರಿಪಡಿಸಿಕೊಳ್ಳುತ್ತಿದ್ದಳು. ಕೊಂಡ ದಿನ ಅದನ್ನು ನಾನು ಹೂಕುಂಡ ಎಂದು ಕರೆದಿದ್ದೆ. ಅದು ಬೇರೆ ಕತೆ, ಬಿಡಿ.

“ಟೋಪಿ ಆಚೆಗಿಡೇ, ಎದೆನೋವು ಅಂತೀಯ.”

“ಬರೀ ತಲೇಲಿ ಹೋದ್ರೆ ಅಲ್ಯಾರು ನನ್ನ ನೋಡ್ತಾರೆ? ನೀನೂ ಆ ಕಂದು ಕೋಟು ಹಾಕ್ಕೋ. ಕಾಲೇಜು ಇಂಗ್ಲಿಷ್ ಮಾತಾಡು. ಎರಡು ವರ್ಷ ಓದಿದ್ದು ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ.”

ನದಿಯಾಚೆಯ ಆ ಆಸ್ಪತ್ರೆಯಲ್ಲಿ ಹಾಗೇ ಮಾತಾಡಿದೆ. ಅರೆಮರೆತ ದೊಡ್ಡ ಪದಗಳನ್ನೆಲ್ಲ ಹುಡುಕಿ ತಂದೆ. ಕೌಂಟರಿನಲ್ಲಿದ್ದ ನರ್ಸ್ ನಗುತ್ತ ಕೇಳಿಸಿಕೊಂಡಳು.

“ಟೋಪಿ ಎಷ್ಟು ಚೆನ್ನಾಗಿದೆ ಮೇಡಂ. ನೋಡಿದ್ರೆ ಹುಷಾರಾಗೇ ಕಾಣ್ತೀರಿ. ಕೂತಿರಿ, ಕರೀತೀವಿ.”

ಆರ್ನೆಟ್ಟಾ ಬೆನ್ನು ನೆಟ್ಟಗಿಟ್ಟು ಕೂತಳು. ನರಳಲಿಲ್ಲ, ನರಳಿದರೆ ಗಲಾಟೆಯವರು ಎನ್ನಿಸಿಕೊಳ್ಳುತ್ತೇವೆ. ಅವಳ ಹೆಸರು ಕರೆದಾಗ ಆ ಟೋಪಿ ನೆಲದಲ್ಲಿತ್ತು, ತಲೆ ನನ್ನ ಹೆಗಲ ಮೇಲಿತ್ತು.

ಚೆನ್ನಾಗಿ ತೊಟ್ಟರೆ ನಮಗೆ ನೋವೇ ಇಲ್ಲ, ಕೆಟ್ಟದಾಗಿ ತೊಟ್ಟರೆ ನೋವು ಸುಳ್ಳು. ಇವೆರಡರ ನಡುವಿನ ಉಡುಪು ಯಾವ ಅಂಗಡಿಯಲ್ಲಿ ಸಿಗುತ್ತದೆ ಮಾನ್ಯರೇ? ಬಡಾವಣೆಗಳ ನಡುವಿನ ಆರೋಗ್ಯದ ಅಂತರ ತಗ್ಗಿಸಲು ಸಮಿತಿ ಮಾಡಿದ್ದೀರಲ್ಲ, ಅದಾದರೂ ಪತ್ತೆ ಮಾಡಿ ತಿಳಿಸಬಾರದೇ? ನಮ್ಮನ್ನು ಸೇತುವೆ ದಾಟಿಸಿ ಕಳಿಸಿದರೆ ಅಂತರ ತಗ್ಗುತ್ತದೆಂದು ನಿಮಗೆ ಹೇಳಿದವರು ಯಾರು?

ನೀವು ಮುಚ್ಚುತ್ತಿರುವ ವಾರ್ಡಿಗೆ ಜನೆಲ್ ಹೋದ ವಾರ ಮನೆಯ ಚಪ್ಪಲಿಯಲ್ಲೇ ಹೋಗಿದ್ದಳು. ಅವಳು ಹುಟ್ಟಿದಾಗ ಎತ್ತಿಕೊಂಡಿದ್ದ ನರ್ಸ್ ಒಡೆಸ್ಸಾ ಚಪ್ಪಲಿಯ ಕಡೆ ನೋಡಲೇ ಇಲ್ಲ. “ಏನೇ ಹುಡುಗಿ, ಮುಖ ಯಾಕೆ ಹಿಂಗೆ ಊದಿದೆ? ಮಾತು ಆಮೇಲೆ, ಮೊದ್ಲು ಮಲಕ್ಕೋ,” ಎಂದಳು. ನಮಗೆ ಬೇಕಾದ ಉನ್ನತ ಮಟ್ಟ ಇಷ್ಟೇ.

ನಿನ್ನೆ ಜನೆಲ್ ಬೀರು ತೆರೆದು ನಿಂತಿದ್ದಳು. “ತಾತ, ಆ ಆಸ್ಪತ್ರೆಗೆ ಹೋಗೋವಾಗ ಅಜ್ಜಿ ಟೋಪಿ ಹಾಕ್ಕೊಳ್ಲಾ, ಬೇಡ್ವಾ?”

ಅವಳ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ನೀವು ಹೇಳಿ. ಉತ್ತರ ನಿಮಗೂ ಹೊಳೆಯದಿದ್ದರೆ ವಾರ್ಡಿನ ಬಾಗಿಲು ತೆರೆದಿಡಿ, ಅವಳು ಚಪ್ಪಲಿಯಲ್ಲೇ ಹೋಗಿ ಹೆತ್ತು ಬರಲಿ.

ಇಂತಿ,
ಕಂದು ಕೋಟಿಗೆ ಮತ್ತೆ ಇಸ್ತ್ರಿ ಹಾಕುತ್ತಿರುವ
ರೂಫಸ್ ಟಿಲ್‌ಮನ್