ಶವಯಾತ್ರೆಯ ಹಾಡಿನ ಗುಟ್ಟು

ಸಾಲ್ಮಿಯಾ, ಕುವೈತ್
20 ಮಾರ್ಚ್ 1991

ಪ್ರೀತಿಯ ಬಾಪ್ಪು,

ಮೊದಲು ಇದನ್ನು ಓದಿ: ನಾನು ಬದುಕಿದ್ದೇನೆ. ಯುದ್ಧದಿಂದಾಗಿ ಏಳು ತಿಂಗಳು ಕಾಗದ ಹಾಕಲು ದಾರಿಯೇ ಇರಲಿಲ್ಲ.

ಇವತ್ತು ನೀರಿನ ಸಾಲಿನಲ್ಲಿ ನಿಂತಿದ್ದಾಗ, ಟ್ಯಾಂಕರ್ ತಂದ ಅಮೆರಿಕದ ಸೈನಿಕನೊಬ್ಬ ಮೌತ್ ಆರ್ಗನ್ ಊದಿದ. ನಮ್ಮೂರಿನ ಶವಯಾತ್ರೆಗಳಲ್ಲಿ ನಿಮ್ಮ ಬ್ಯಾಂಡ್ ನಿಧಾನವಾಗಿ ಬಾರಿಸುತ್ತದಲ್ಲ, ಅದೇ ಹಳೆಯ ಹಾಡು! ನಾನು ಕ್ಯಾನ್ ಕೆಳಗಿಟ್ಟು, ಟೋಪಿ ತೆಗೆದು, ಶಿಲುಬೆಯ ಗುರುತು ಮಾಡಿ ತಲೆ ತಗ್ಗಿಸಿ ನಿಂತೆ.

“ಯಾರು ಸತ್ತದ್ದು?” ಎಂದು ಅವನು ಗಾಬರಿಯಿಂದ ಕೇಳಿದ. ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕ. ಅದು ದೋಣಿಯಲ್ಲಿ ಹುಡುಗಿಯ ಹತ್ತಿರ ಮುತ್ತು ಕೇಳುವ ಹಾಡಂತೆ ಬಾಪ್ಪು! ಎಂಬತ್ತು ವರ್ಷದ ಹಿಂದೆ ಅವನ ಮುತ್ತಜ್ಜಿ ತನ್ನ ಮದುವೆಯಲ್ಲಿ ಕುಣಿದದ್ದಂತೆ. ಈ ಕಾರ್ಡ್ ಕೊಟ್ಟವನೂ ಅವನೇ, ಅಂಚೆಗೆ ಹಾಕುವವನೂ ಅವನೇ. ಎಲ್ಲ ನಿಮ್ಮ ಬ್ಯಾಂಡಿನ ಉಪಕಾರ.

ಎಣ್ಣೆಬಾವಿಗಳ ಹೊಗೆಗೆ ಸ್ವಲ್ಪ ಕೆಮ್ಮು, ಉಳಿದಂತೆ ಸೌಖ್ಯ. ಟ್ಯಾಂಕರಿನವರು “ಯಲ್ಲಾ, ಯಲ್ಲಾ” ಎಂದು ಹೊರಡಲು ಅವಸರ ಮಾಡುತ್ತಿದ್ದಾರೆ. ನಾನು ಸತ್ತೆನೆಂದು ಆ ಹಾಡನ್ನು ಒಮ್ಮೆ ಬಾರಿಸಿಬಿಟ್ಟಿದ್ದರೂ ಬೇಸರ ಮಾಡಬೇಡಿ. ಬೆಟ್ಟಿ ಇನ್ನೂ ನನಗಾಗಿ ಕಾದಿದ್ದರೆ, ನಮ್ಮ ಮದುವೆಗೆ ಅದನ್ನೇ ಬಾರಿಸಿ, ಸ್ವಲ್ಪ ಬೇಗ ಬೇಗ.

ನಿಮ್ಮ ಅಣ್ಣನ ಮಗ,
ಲ್ಯಾನ್ಸಿ